ಶವರ್ ತಿರುಗಿಸುವ ಮುನ್ನ ಒಂದು ಮಾತು

ಯಲ್ಲಾಪುರ ತಾಲ್ಲೂಕಿನ ಚಂದಗುಳಿ ಅಂದ ಕೂಡಲೇ ನಿಮಗೆ ನೆನಪಾಗೋದು ಘಂಟೆ ಗಣಪತಿ. ಇವತ್ತು ನಾನು ಮಾತಾಡ್ತಿರೋದು ಆ ಸೀಮೆಯ ನೀರಿನ ಬಗ್ಗೆ. ಗುಡ್ಡದ ಒರತೆಗೆ ಪೈಪು ಕೊಟ್ಟು, ಮೋಟಾರೇ ಇಲ್ಲದೆ ಮನೆಗೆ ಇಳಿಸಿಕೊಳ್ಳುವ ಅಬ್ಬಿ ನೀರು. ಹಿಂದೆ ಅದು ಅಡಿಕೆ ದಬ್ಬೆಯಲ್ಲಿ ಹರಿದು ಬರ್ತಿತ್ತು. ಬಂದಿದ್ದು ಹಂಡೆಗೆ, ಮಿಕ್ಕಿದ್ದು ತೋಟಕ್ಕೆ. ನೀರು ಎಲ್ಲೂ ನಿಲ್ಲುತ್ತಿರಲಿಲ್ಲ.

ಈಗ ನಿಲ್ಲುತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋಂಸ್ಟೇಗಳು ಬಂದಿವೆ. ಛಾವಣಿ ಮೇಲೆ ಟ್ಯಾಂಕು, ಸೋಲಾರ್ ಹೀಟರ್, ಕೋಣೆಗೊಂದು ಶವರ್. ಅತಿಥಿಗಳು ಬರೋದು ಶನಿವಾರ, ಭಾನುವಾರ. ಉಳಿದ ಐದು ದಿನ ನೀರು ಪೈಪಿನಲ್ಲೇ ನಿಂತಿರುತ್ತೆ.

ನಿಂತರೇನಾಯ್ತು ಅಂತೀರಾ? ಇದನ್ನು ಅರಬ್ಬಿ ಸಮುದ್ರದ ನಡುವಿನ ತೈಲ ವೇದಿಕೆಗಳಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಮುಂಬೈ ಹೈ ಕರಾವಳಿಯಿಂದ ಸುಮಾರು 160 ಕಿಲೋಮೀಟರ್ ದೂರ. ಇಂಥ ವೇದಿಕೆಗಳಲ್ಲಿ ಸಿಹಿನೀರು ಹಡಗಿನಲ್ಲಿ ಬರಬೇಕು, ಇಲ್ಲವೇ ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಮಾಡಿಕೊಳ್ಳಬೇಕು. ಆಮೇಲೆ ಅದು ಟ್ಯಾಂಕಿನಲ್ಲಿ ಕೂರುತ್ತೆ, ಬಿಸಿಲಿಗೆ ಕಾದ ಪೈಪುಗಳಲ್ಲಿ ಸುತ್ತುತ್ತೆ, ಖಾಲಿ ಇರುವ ಕ್ಯಾಬಿನ್‌ಗಳಲ್ಲಿ ನಿಲ್ಲುತ್ತೆ. ಅಲ್ಲಿನವರು ಹೆದರುವುದು ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾಕ್ಕೆ.

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಮಾಜಿ ಯೋಧರ ಸಮಾವೇಶ ನಡೆಯಿತು. ಬಂದವರು ಊರಿಗೆ ಮರಳಿ ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗಿದರು. ಸುಮಾರು 30 ಮಂದಿ ಸತ್ತರು. ಕಾರಣ ಸಿಕ್ಕಿದ್ದು 1977ರ ಜನವರಿಯಲ್ಲಿ. ಆ ಯೋಧರ ಸಂಘದ ಹೆಸರೇ, ಅಂದರೆ ಲೀಜನ್, ಬ್ಯಾಕ್ಟೀರಿಯಾದ ಹೆಸರಾಯ್ತು.

ಇದು ಕುಡಿದರೆ ಬರುವ ಕಾಯಿಲೆ ಅಲ್ಲ, ಉಸಿರಾಡಿದರೆ ಬರುವಂಥದ್ದು. ಶವರ್‌ನಿಂದ ಏಳುವ ಸೂಕ್ಷ್ಮ ಹನಿಗಳ ಜೊತೆ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುತ್ತೆ. ಹಾಗಾಗಿ ಕುಡಿಯುವ ನೀರನ್ನು ಎಷ್ಟು ಕುದಿಸಿದರೂ ಇದಕ್ಕೆ ಪರಿಹಾರ ಆಗಲ್ಲ. ವಯಸ್ಸಾದವರು, ಧೂಮಪಾನಿಗಳು, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ.

ಇದು ಚೆನ್ನಾಗಿ ಬೆಳೆಯುವುದು 20ರಿಂದ 45 ಡಿಗ್ರಿ ಉಷ್ಣಾಂಶದಲ್ಲಿ. ಈಗ ಮಲೆನಾಡಿನ ಮಳೆಗಾಲ ನೆನೆಸಿಕೊಳ್ಳಿ. ವಾರಗಟ್ಟಲೆ ಬಿಸಿಲಿಲ್ಲ, ಸೋಲಾರ್ ಟ್ಯಾಂಕಿನಲ್ಲಿ ಉಗುರುಬೆಚ್ಚಗಿನ ನೀರು. ಒಳಗೆ ಪಾಚಿಯಂಥ ಲೋಳೆ. ಒರತೆಯ ನೀರಿಗೆ ಕ್ಲೋರಿನ್ ಕೂಡ ಇಲ್ಲ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಹೋಂಸ್ಟೇ ಬೇಕಾ?

ನಮ್ಮ ಬಚ್ಚಲಿನ ಹಂಡೆ ಈ ವಿಷಯದಲ್ಲಿ ಜಾಣ. ದಿನಾ ಕುದಿಯುತ್ತಿತ್ತು, ದಿನಾ ಖಾಲಿಯಾಗುತ್ತಿತ್ತು. ಹಾಗಂತ ಹಳೆಯದೆಲ್ಲ ಸರಿ ಅಂತಲ್ಲ. ತೆರೆದ ದಬ್ಬೆಯ ನೀರು ಕುಡಿದು ವಾಂತಿಭೇದಿ ಆದವರೂ ಇದ್ದರು.

ಸಮುದ್ರದ ನಡುವೆ ಪಾಲಿಸುವ ಶಿಸ್ತು ಗುಡ್ಡಕ್ಕೂ ಸಲ್ಲುತ್ತದೆ, ಖರ್ಚೂ ಹೆಚ್ಚಿಲ್ಲ. ಬಿಸಿನೀರಿನ ಟ್ಯಾಂಕ್ 60 ಡಿಗ್ರಿ ಮುಟ್ಟಬೇಕು. ಬಿಸಿಲಿಲ್ಲದಾಗ ವಿದ್ಯುತ್ ಕಾಯಿಲ್ ಹಾಕಿ. ಬಳಸುವಾಗ ಮಾತ್ರ ತಣ್ಣೀರು ಬೆರೆಸಿ, ಇಲ್ಲದಿದ್ದರೆ ಮೈ ಸುಡುತ್ತೆ. ಬಳಸದ ನಲ್ಲಿ, ಶವರ್‌ಗಳನ್ನು ವಾರಕ್ಕೊಮ್ಮೆಯಾದರೂ ಕೆಲವು ನಿಮಿಷ ಹರಿಯಬಿಡಿ. ಶವರ್ ತಲೆಯನ್ನು ಬಕೆಟ್‌ನಲ್ಲಿ ಮುಳುಗಿಸಿ ಬಿಟ್ಟರೆ ಹನಿ ಹಾರುವುದಿಲ್ಲ. ಟ್ಯಾಂಕಿಗೆ ಬಿಗಿ ಮುಚ್ಚಳ ಇರಲಿ. ವರ್ಷಕ್ಕೊಮ್ಮೆಯಾದರೂ ಲೋಳೆ ಉಜ್ಜಿ, ಕ್ಲೋರಿನ್ ಹಾಕಿ ತೊಳೆಯಿರಿ. ಎಲ್ಲೂ ಸೇರದ ಕುರುಡು ಪೈಪ್ ತುಂಡುಗಳಿದ್ದರೆ ಕತ್ತರಿಸಿ ಹಾಕಿ.

ಇನ್ನೊಂದು ಮುಖ್ಯ ಮಾತು. ಸೋಂಕು ತಗುಲಿ ಜ್ವರ ಕಾಣಲು ಸಾಮಾನ್ಯವಾಗಿ 2ರಿಂದ 10 ದಿನ ಬೇಕು. ಅಷ್ಟರಲ್ಲಿ ಅತಿಥಿ ಬೆಂಗಳೂರು ಸೇರಿರ್ತಾನೆ. ಕೆಮ್ಮು, ಜ್ವರ, ಉಬ್ಬಸಕ್ಕೆ ವೈದ್ಯರು ಕೊಡುವ ಪೆನಿಸಿಲಿನ್ ಜಾತಿಯ ಔಷಧ ಇದಕ್ಕೆ ನಾಟುವುದಿಲ್ಲ. ಅಜಿಥ್ರೊಮೈಸಿನ್, ಲೀವೊಫ್ಲಾಕ್ಸಸಿನ್ ಥರದವು ಬೇಕು. ಮೂತ್ರ ಪರೀಕ್ಷೆಯಿಂದ ಇದರ ಸುಳಿವು ಸಿಗುತ್ತೆ. ಆದರೆ ಪರೀಕ್ಷೆ ಬರೆಯಬೇಕಾದರೆ ವೈದ್ಯರಿಗೆ ಅನುಮಾನ ಬರಬೇಕಲ್ಲ? ಆದ್ದರಿಂದ ಪ್ರವಾಸದಿಂದ ಬಂದ ಮೇಲೆ ಜ್ವರ ಬಂದರೆ ಎಲ್ಲಿ ಉಳಿದಿದ್ದಿರಿ ಅಂತ ನೀವೇ ಬಾಯಿಬಿಟ್ಟು ಹೇಳಿ.

ಒರತೆ ಶುದ್ಧವಾಗಿದೆ ಅಂತ ಹೋಂಸ್ಟೇ ಮಾಲೀಕರು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ, ಅದು ನಿಜವೇ ಇರಬಹುದು. ನಾನು ಕೇಳೋದು ಒಂದೇ ಪ್ರಶ್ನೆ: ಸ್ವಾಮಿ, ನಿಮ್ಮ ಮೂರನೇ ಕೋಣೆಯ ಶವರ್‌ನಲ್ಲಿ ಕೊನೆಯ ಸಲ ನೀರು ಹರಿದಿದ್ದು ಯಾವಾಗ?