ಪ್ಲೇಗಿನ ರೋಗಾಣುವೂ ಚಿಗಟವೂ

1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಮೈಸೂರು ಸಂಸ್ಥಾನದ ಊರುಗಳನ್ನು ಬರಿದುಮಾಡಿದ ಸಂಗತಿ ಸುವಿದಿತವೇ ಆಗಿದೆ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಊರಾಚೆಯ ಗುಡಿಸಲುಗಳಿಗೆ ತೆರಳುತ್ತಿದ್ದರು. ಚರಿತ್ರೆಯ ಅಭ್ಯಾಸಿಗಳಾದ ನಾವು ಇದನ್ನು ಬರಿಯ ಭೀತಿಯೆಂದು ಬರೆದು ಮುಂದೆ ಸಾಗುವುದುಂಟು. ರೋಗಾಣುವಿನ ನಡೆಯನ್ನರಿತರೆ ಹಾಗೆ ಬರೆಯಲಾಗದು.

ಯೆರ್ಸೀನಿಯ ಪೆಸ್ಟಿಸ್ ಎಂಬ ಈ ಜೀವಾಣು ಚಿಗಟದ ತಂಪು ಒಡಲಿನಲ್ಲಿಯೂ ಇಲಿ, ಮನುಷ್ಯರ ಬಿಸಿ ಮೈಯಲ್ಲಿಯೂ ಬಾಳಬಲ್ಲದು. ತಂಪಿನಲ್ಲಿ ಅದರ 'ಎಚ್‌ಎಂಎಸ್' ಜೀನುಗಳು ಕೆಲಸಮಾಡುತ್ತವೆ. ಸೈಕ್ಲಿಕ್ ಡೈ-ಜಿಎಂಪಿ ಎಂಬ ಪುಟ್ಟ ಅಣು ಹೆಚ್ಚಿದಂತೆ ಜೀವಾಣುಗಳು ಅಂಟನ್ನು ಸ್ರವಿಸಿ, ಒಂದಕ್ಕೊಂದು ಹತ್ತಿಕೊಂಡು ಪೊರೆಗಟ್ಟುತ್ತವೆ. ಈ ಪೊರೆ ಚಿಗಟದ ಜಠರದ ಬಾಯನ್ನೇ ಮುಚ್ಚಿಬಿಡುತ್ತದೆ. 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬವರು ಈ ತಡೆಯನ್ನು ವರ್ಣಿಸಿದರು. ರಕ್ತ ಒಳಗಿಳಿಯದ ಚಿಗಟ ಹಸಿದು ಮತ್ತೆ ಮತ್ತೆ ಕಚ್ಚುತ್ತದೆ. ಹೀರಿದ ರಕ್ತವು ತಡೆಗೆ ತಾಗಿ ರೋಗಾಣುಗಳೊಡನೆ ಗಾಯಕ್ಕೆ ಮರಳುತ್ತದೆ.

37 ಡಿಗ್ರಿಯ ಮೈಯಲ್ಲಿ ನಡೆ ಬೇರೆ. ಅಂಟನ್ನು ತಯಾರಿಸುವ ಪ್ರೋಟೀನುಗಳು ಕ್ಷೀಣಿಸುತ್ತವೆ. ಅದೇ ಶಾಖಕ್ಕೆ 'ಎಲ್‌ಸಿಆರ್‌ಎಫ್' ಜೀನಿನಿಂದ ಬಂದ ಆರ್‌ಎನ್‌ಎಯ ಮಡಿಕೆ ಬಿಚ್ಚಿ, ನಮ್ಮ ರಕ್ಷಕ ಕೋಶಗಳನ್ನು ಕುಗ್ಗಿಸುವ ಪ್ರೋಟೀನುಗಳ ತಯಾರಿಕೆಗೆ ಅಪ್ಪಣೆಯಾಗುತ್ತದೆ. ಇದಕ್ಕೆ ಕೆಲವು ಗಂಟೆಗಳು ಬೇಕು. ಅಷ್ಟು ಹೊತ್ತು ರೋಗಾಣುವೇ ದುರ್ಬಲ.

ಇಲಿ ಸತ್ತು ಮೈ ಆರಿದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ರಕ್ತವನ್ನರಸುತ್ತವೆ. ಮನೆಯನ್ನು ತೊರೆದವರು ತಪ್ಪಿಸಿಕೊಂಡದ್ದು ಇವುಗಳಿಂದ. ಹಾಸಿಗೆ ಕಂಬಳಿಗಳನ್ನು ಹೊತ್ತೊಯ್ದವರೊಡನೆ ಮಾತ್ರ ಅವೂ ಗುಡಿಸಲನ್ನು ಸೇರಿದ್ದಿರಬಹುದು.