ರಸ್ತೆ, ತೆರಿಗೆ, ಕಸದ ಆಚೆಗೆ ಒಂದು ಗೊತ್ತುವಳಿ

ರಸ್ತೆ, ತೆರಿಗೆ, ಕಸ. ಸ್ಥಳೀಯ ಕೌನ್ಸಿಲ್ ಮಾಡಬೇಕಾದ ಕೆಲಸ ಯಾವುದು ಎಂದು ಕೇಳಿದರೆ ಆಸ್ಟ್ರೇಲಿಯಾದಲ್ಲಿ ಥಟ್ಟನೆ ಬರುವ ಉತ್ತರ ಇದು. 2023ರಲ್ಲಿ ಅಲ್ಲಿನ ಹಲವು ಪುರಭವನಗಳಲ್ಲಿ ಈ ಮೂರು ಮಾತುಗಳೇ ವಾದದ ನಡುವೆ ಬಂದು ಕೂತವು. ಆ ವರ್ಷದ ಅಕ್ಟೋಬರ್ 14ರಂದು ಇಡೀ ದೇಶ ಒಂದು ಪ್ರಶ್ನೆಗೆ 'ಯೆಸ್' ಅಥವಾ 'ನೋ' ಎಂದು ಬರೆಯಬೇಕಿತ್ತು. ಅಬಾರಿಜಿನಲ್ ಮತ್ತು ಟಾರಸ್ ಸ್ಟ್ರೇಟ್ ದ್ವೀಪಗಳ ಮೂಲನಿವಾಸಿಗಳನ್ನು ಸಂವಿಧಾನದಲ್ಲಿ ಗುರುತಿಸಿ, ಅವರ ಬದುಕಿಗೆ ಸಂಬಂಧಿಸಿದ ವಿಷಯಗಳಲ್ಲಿ ಸಂಸತ್ತಿಗೂ ಸರ್ಕಾರಕ್ಕೂ ಸಲಹೆ ಕೊಡುವ 'ವಾಯ್ಸ್' ಎಂಬ ಮಂಡಳಿಯನ್ನು ಸ್ಥಾಪಿಸಬೇಕೇ ಎಂಬುದು ಆ ಪ್ರಶ್ನೆ. ದೇಶಕ್ಕೆ ಕೇಳಿದ ಈ ಪ್ರಶ್ನೆಗೆ ಊರಿನ ಕೌನ್ಸಿಲ್ ತನ್ನದೊಂದು ನಿಲುವು ಹೇಳಬಹುದೇ?

ಕೂಡದು ಎಂದವರ ವಾದವನ್ನು ತಳ್ಳಿಹಾಕುವಂತಿಲ್ಲ. ಸದಸ್ಯರು ಚುನಾವಣೆಗೆ ನಿಂತಾಗ ಈ ವಿಷಯವನ್ನು ಜನರ ಮುಂದೆ ಇಟ್ಟಿರಲಿಲ್ಲ. ತೆರಿಗೆ ಕಟ್ಟುವವರಲ್ಲಿ ಎರಡೂ ಕಡೆಯವರಿದ್ದಾರೆ, ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಪ್ರಚಾರ ನಡೆಯಬಾರದು. ಕಾನೂನು ಕೂಡ ಕೇಂದ್ರ ಸರ್ಕಾರದ ಕೈ ಕಟ್ಟಿತ್ತು: ಮನೆಮನೆಗೆ ಕಳಿಸುವ ಪರ-ವಿರೋಧದ ಕಿರುಹೊತ್ತಗೆ ಬಿಟ್ಟರೆ ಒಂದು ಪಕ್ಷದ ವಾದವನ್ನು ಮುಂದೊತ್ತಲು ಅದು ಹಣ ಖರ್ಚು ಮಾಡುವಂತಿರಲಿಲ್ಲ. ಹಲವು ಕೌನ್ಸಿಲ್‌ಗಳು ಮಾಹಿತಿ ಸಭೆ ನಡೆಸಿ ಅಷ್ಟಕ್ಕೇ ನಿಂತವು. ಸಿಡ್ನಿ ನಗರದ ಕೌನ್ಸಿಲ್, ಅದರ ಪಕ್ಕದ ಇನ್ನರ್ ವೆಸ್ಟ್ ಕೌನ್ಸಿಲ್‌ನಂಥವು 'ಯೆಸ್' ಪರವಾಗಿ ಗೊತ್ತುವಳಿ ಅಂಗೀಕರಿಸಿದವು.

ಇನ್ನರ್ ವೆಸ್ಟ್‌ನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಹಳೆಯ ಕೌನ್ಸಿಲ್ ಅಲ್ಲ. 2016ರ ಮೇ ತಿಂಗಳಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರ ಆ್ಯಶ್‌ಫೀಲ್ಡ್, ಲೈಕಾರ್ಟ್, ಮ್ಯಾರಿಕ್‌ವಿಲ್ ಎಂಬ ಮೂರು ಕೌನ್ಸಿಲ್‌ಗಳನ್ನು ರದ್ದುಪಡಿಸಿ, ಸೇರಿಸಿ ಇದನ್ನು ಮಾಡಿತು. ಜನ ಆರಿಸಿದ ಸದಸ್ಯರು ಅಧಿಕಾರ ಕಳೆದುಕೊಂಡರು. ಮುಂದಿನ ವರ್ಷ ಚುನಾವಣೆ ಆಗುವವರೆಗೆ ಆಡಳಿತಾಧಿಕಾರಿಯದೇ ಕಾರುಬಾರು. ಪ್ರತಿಭಟನೆ ನಡೆದರೂ ಸರ್ಕಾರ ಜಗ್ಗಲಿಲ್ಲ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಸ್ಥಳೀಯ ಸರ್ಕಾರದ ಹೆಸರೇ ಇಲ್ಲದಿರುವುದರಿಂದ ಹೀಗೆ ಮಾಡುವುದು ಸಾಧ್ಯವಾಯಿತು. ಆ ದೇಶದ 537 ಕೌನ್ಸಿಲ್‌ಗಳು ರಾಜ್ಯಗಳ ಅಥವಾ ನಾರ್ದರ್ನ್ ಟೆರಿಟರಿಯ ಶಾಸನದಿಂದ ಹುಟ್ಟಿದವು. ಶಾಸನ ಬದಲಾದರೆ ಅವೂ ಬದಲಾಗುತ್ತವೆ, ಬೇಡವೆಂದರೆ ಇಲ್ಲವಾಗುತ್ತವೆ.

ಕೌನ್ಸಿಲ್‌ಗಳ ಈ ಅಭದ್ರತೆಯನ್ನು ನೀಗಿಸಲು ದೇಶದ ಮತ ಕೇಳಿದ್ದುಂಟು. 1974ರಲ್ಲಿ ಕೇಂದ್ರದಿಂದ ಅವುಗಳಿಗೆ ನೇರವಾಗಿ ಅನುದಾನ ಕೊಡುವ ತಿದ್ದುಪಡಿ ಜನಮತಗಣನೆಗೆ ಬಂತು. ಸುಮಾರು 47% ಜನ ಒಪ್ಪಿದರು, ಗೆದ್ದದ್ದು ಒಂದೇ ರಾಜ್ಯದಲ್ಲಿ. 1988ರಲ್ಲಿ ಸಂವಿಧಾನದಲ್ಲಿ ಮಾನ್ಯತೆ ಕೊಡಿ ಎಂದಾಗ ಬೆಂಬಲ 34%ಕ್ಕೆ ಕುಸಿಯಿತು, ಒಂದು ರಾಜ್ಯವೂ ಕೈ ಹಿಡಿಯಲಿಲ್ಲ. 2013ರಲ್ಲಿ ಮೂರನೆಯ ಪ್ರಯತ್ನದ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾಗಿ, ಪ್ರಚಾರಕ್ಕೆ ಹಣವೂ ಹಂಚಿಕೆಯಾಗಿ, ಕೊನೆಗೆ ಚುನಾವಣೆಯ ದಿನಾಂಕ ಬದಲಾದ ಕಾರಣ ಮತದಾನವೇ ನಡೆಯದೆ ಬಿದ್ದುಹೋಯಿತು.

ಈಗ ಮೂಲನಿವಾಸಿಗಳ ಬೇಡಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅವರಿಗೂ ಒಂದು ಚುನಾಯಿತ ಪ್ರಾತಿನಿಧಿಕ ಸಂಸ್ಥೆ ಇತ್ತು. ಆಟ್ಸಿಕ್ ಎಂದು ಕರೆಯುತ್ತಿದ್ದ ಅದನ್ನು 2005ರಲ್ಲಿ ಸಂಸತ್ತು ಶಾಸನದ ಮೂಲಕವೇ ಮುಚ್ಚಿತು. 2017ರ ಮೇ ತಿಂಗಳಲ್ಲಿ ಉಲುರು ಬಂಡೆಯ ಬಳಿ ಸೇರಿದ ಪ್ರತಿನಿಧಿಗಳು ಸಂವಿಧಾನದಲ್ಲೇ ನೆಲೆ ಬೇಕು ಎಂದದ್ದು ಈ ಅನುಭವದಿಂದ. ಮಂಡಳಿಯ ರಚನೆ, ಅಧಿಕಾರಗಳನ್ನು ಸಂಸತ್ತು ಬೇಕಾದಂತೆ ತಿದ್ದಲಿ, ಆದರೆ ಮಂಡಳಿಯನ್ನೇ ಇಲ್ಲವಾಗಿಸಲು ಆಗದಿರಲಿ ಎಂಬುದಷ್ಟೇ ಅವರ ಕೋರಿಕೆ. ಸರ್ಕಾರದ ಒಂದು ಆದೇಶಕ್ಕೆ ಮನೆ ಕಳೆದುಕೊಳ್ಳುವ ಭಯವನ್ನು ಕೌನ್ಸಿಲ್‌ಗಿಂತ ಚೆನ್ನಾಗಿ ಅರಿತವರು ಯಾರು? ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಒಂದು ಕೌನ್ಸಿಲ್ ಹೇಳಿದರೆ ಅದು ತನ್ನ ಇತಿಹಾಸವನ್ನೇ ಮರೆತಂತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಲುವು ತಳೆದರೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೂ ಹಿಂದಿನ ಉದಾಹರಣೆ ಇತ್ತು. 2017ರ ಆಗಸ್ಟ್‌ನಲ್ಲಿ ಮೆಲ್ಬರ್ನ್‌ನ ಯಾರಾ ಕೌನ್ಸಿಲ್, ಬ್ರಿಟಿಷರು ನೆಲೆಯೂರಿದ ನೆನಪಿಗೆ ಆಚರಿಸುವ, ಮೂಲನಿವಾಸಿಗಳಿಗೆ ನೋವಿನ ದಿನವಾದ ಜನವರಿ 26ರಂದು ಪೌರತ್ವ ಸಮಾರಂಭ ನಡೆಸುವುದಿಲ್ಲ ಎಂದು ನಿರ್ಧರಿಸಿತು. ಅಂಥ ಸಮಾರಂಭ ನಡೆಸುವ ಅಧಿಕಾರವನ್ನೇ ಕೇಂದ್ರ ಸರ್ಕಾರ ಅದರಿಂದ ಕಿತ್ತುಕೊಂಡಿತು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಅವರಲ್ಲಿ ಅನೇಕರು ಆಸ್ಟ್ರೇಲಿಯಾದ ಪ್ರಜೆಗಳಾಗಿ ಪ್ರತಿಜ್ಞೆ ತೆಗೆದುಕೊಳ್ಳುವುದು ಇಂಥ ಕೌನ್ಸಿಲ್ ಸಭಾಂಗಣಗಳಲ್ಲಿ, ಮೇಯರ್ ಸಮ್ಮುಖದಲ್ಲಿ. 2023ಕ್ಕೆ ಹಿಂದಿನ ಜನಮತಗಣನೆ ನಡೆದದ್ದು 1999ರಲ್ಲಿ. ಆಮೇಲೆ ಪೌರತ್ವ ಪಡೆದವರಿಗೆಲ್ಲ ಇದೇ ಮೊದಲನೆಯದು, ಮತ ಹಾಕುವುದು ಕಡ್ಡಾಯ ಬೇರೆ. ಹೊಸಬರೊಬ್ಬರು ಈ ನೆಲದ ಹಳಬರ ಬಗ್ಗೆ ತೀರ್ಪು ಕೊಡಬೇಕಾದಾಗ, ಎರಡೂ ಕಡೆಯ ಮಾತನ್ನು ಎದುರಿಗೇ ಕೂತು ಕೇಳಲು ಊರಿನ ಪುರಭವನಕ್ಕಿಂತ ತಕ್ಕ ಜಾಗ ನನಗಂತೂ ಕಾಣದು.

ಫಲಿತಾಂಶ ಗೊತ್ತಿರುವುದೇ. ಸುಮಾರು 60% ಜನ 'ನೋ' ಎಂದರು, ಆರೂ ರಾಜ್ಯಗಳು ತಿರಸ್ಕರಿಸಿದವು. ಸಿಡ್ನಿ, ಮೆಲ್ಬರ್ನ್ ನಗರಗಳ ನಡುಭಾಗದ ಕ್ಷೇತ್ರಗಳಲ್ಲಿ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಜನ 'ಯೆಸ್' ಎಂದಿದ್ದರು. ನಗರದ ಅಂಚಿನ ಬಡಾವಣೆಗಳು, ಒಳನಾಡಿನ ಪಟ್ಟಣಗಳು ಬಹುಪಾಲು ಬೇರೆ ದಾರಿ ಹಿಡಿದವು. ನಾರ್ದರ್ನ್ ಟೆರಿಟರಿಯ ಲಿಂಗಿಯಾರಿ ಕ್ಷೇತ್ರ ಒಟ್ಟಾರೆ 'ನೋ' ಎಂದಿತು. ಆದರೆ ಅದರೊಳಗೇ ಮೂಲನಿವಾಸಿಗಳು ಹೆಚ್ಚಾಗಿರುವ ದೂರದ ಹಳ್ಳಿಗಳ ಮತಗಟ್ಟೆಗಳಲ್ಲಿ 'ಯೆಸ್' ಭಾರಿ ಬಹುಮತ ಪಡೆಯಿತು. ಯಾರ ಸಲುವಾಗಿ ಈ ಪ್ರಶ್ನೆ ಕೇಳಲಾಯಿತೋ ಅವರ ಉತ್ತರ ಉಳಿದವರ ಲೆಕ್ಕದಲ್ಲಿ ಕರಗಿಹೋಯಿತು. ನನಗೆ ಅತ್ಯಂತ ನೋವು ಕೊಟ್ಟ ಸಂಗತಿ ಇದು.

ನನ್ನ ತಕರಾರು ಇರುವುದು ಕೌನ್ಸಿಲ್‌ಗಳು ಮಾತಾಡಿದವು ಎಂಬುದರ ಮೇಲಲ್ಲ. ಒಮ್ಮತ ಮೊದಲೇ ಇದ್ದ ಕಡೆ ಗೊತ್ತುವಳಿ ಸಲೀಸಾಗಿ ಬಂತು. ನಿಜವಾದ ಭಿನ್ನಾಭಿಪ್ರಾಯ ಇದ್ದ ಊರುಗಳಲ್ಲಿ, ಅಂದರೆ ಸಾರ್ವಜನಿಕ ಚರ್ಚೆ ಎಲ್ಲಿ ಹೆಚ್ಚು ಬೇಕಿತ್ತೋ ಅಲ್ಲಿ, ಮೌನವೇ ಕ್ಷೇಮ ಎನಿಸಿರಬೇಕು. ವಿರೋಧಿಸುವ ಗೊತ್ತುವಳಿಯೇ ಬಂದಿದ್ದರೂ, ನಾಲ್ಕು ಜನ ಮೂಲನಿವಾಸಿ ಹಿರಿಯರನ್ನು ಕರೆಸಿ ಕೇಳಿಸಿಕೊಂಡ ಮೇಲೆ ಬಂದಿದ್ದರೆ ನಾನು ಅದನ್ನು ಗೌರವಿಸುತ್ತಿದ್ದೆ.

ಸಂವಿಧಾನದಲ್ಲಿ ಹೆಸರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ಭಾರತೀಯರಾದ ನಮಗಿಲ್ಲ. 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಯಾಗಿ ನಮ್ಮ ಪಂಚಾಯಿತಿ, ನಗರಸಭೆಗಳಿಗೆ ಆ ನೆಲೆ ಸಿಕ್ಕಿದೆ. ಆದರೂ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬೆಂಗಳೂರು ಪಾಲಿಕೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಆದರೆ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಲು ನಮಗೊಂದು ವಿಧಿ ಇದೆ, ಇನ್ನರ್ ವೆಸ್ಟ್‌ನ ಜನರಿಗೆ ಅಂಥದ್ದು ಇರಲಿಲ್ಲ.

ಸೋಲಿನ ನಂತರವೂ ಆಸ್ಟ್ರೇಲಿಯಾದಲ್ಲಿ ಕೆಲಸ ನಿಂತಿಲ್ಲ. ಸೌತ್ ಆಸ್ಟ್ರೇಲಿಯಾ ತನ್ನದೇ ಶಾಸನದ ಮೂಲಕ ರಾಜ್ಯಮಟ್ಟದ 'ವಾಯ್ಸ್' ರಚಿಸಿ, 2024ರ ಮಾರ್ಚ್‌ನಲ್ಲಿ ಅದಕ್ಕೆ ಮೊದಲ ಚುನಾವಣೆ ನಡೆಸಿತು. ಸಿಡ್ನಿ ನಗರ ಕೌನ್ಸಿಲ್‌ನಲ್ಲಿ 2008ರಿಂದಲೇ ಮೂಲನಿವಾಸಿಗಳ ಸಲಹಾ ಸಮಿತಿ ಇದೆ. ಅಂಥ ಸಮಿತಿ ರಚಿಸಲು ಯಾವ ಕೌನ್ಸಿಲ್‌ಗೂ ದೇಶದ ಮತ ಬೇಕಾಗಿಲ್ಲ, ಒಂದು ಸಾಮಾನ್ಯ ಸಭೆ ಸಾಕು. 'ಯೆಸ್' ಎಂದ ಕೌನ್ಸಿಲ್‌ಗಳು ಈಗ ತಮ್ಮ ಬಜೆಟ್ ಕರಡನ್ನು ಸಭೆಗೆ ತರುವ ಮೊದಲು ಅಂಥದೊಂದು ಸಮಿತಿಯ ಮುಂದಿಡಲಿ.