ಬೋರಿಗೆ ಹೋನಿಂಗ್: ಮನೆಯಲ್ಲಿ ಎಷ್ಟು, ಅಂಗಡಿಗೆ ಎಷ್ಟು

ಎರಕದ ಕಬ್ಬಿಣದ ಬ್ಯಾರೆಲ್ ಇರುವ ಹಳೆಯ ಬುಲೆಟ್ 350ರ ಹೆಡ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರೆ, ಗೋಡೆ ಮುಖ ಕಾಣುವಷ್ಟು ಫಳಫಳ ಎನ್ನುತ್ತಿರುತ್ತದೆ. ಬಿಚ್ಚಿದವರಿಗೆ ಖುಷಿ. ಇಷ್ಟು ವರ್ಷ ಓಡಿದರೂ ಬೋರ್ ಎಷ್ಟು ಚೆನ್ನಾಗಿದೆ ಅನ್ನಿಸುತ್ತದೆ. ಗಾಡಿ ನೀಲಿ ಹೊಗೆ ಹಾಕುತ್ತಿರುವುದಕ್ಕೆ ಆ ಹೊಳಪೇ ಕಾರಣವಿರಬಹುದೆಂಬುದು ಮಾತ್ರ ಹೊಳೆಯುವುದಿಲ್ಲ.

ಬೀಸುವ ಕಲ್ಲು ಸವೆದು ನುಣುಪಾದರೆ ರಾಗಿ ನುರಿಯುವುದಿಲ್ಲ. ಹಿಂದೆಲ್ಲ ಕಲ್ಲುಕುಟಿಗರನ್ನು ಕರೆಸಿ ಉಳಿಯಲ್ಲಿ ಮತ್ತೆ ಒರಟು ಮಾಡಿಸುತ್ತಿದ್ದರು. ಬೋರಿಗೆ ಹೋನಿಂಗ್ ಮಾಡುವುದೂ ಅಂಥದೇ ಕೆಲಸ. ಓರೆಯಾಗಿ ಒಂದನ್ನೊಂದು ದಾಟುವ ಸಣ್ಣ ಗೀರುಗಳು ಎರಡು ಕೆಲಸ ಮಾಡುತ್ತವೆ. ಗೀರಿನ ತಗ್ಗು ಎಣ್ಣೆಯನ್ನು ಹಿಡಿದಿಡುತ್ತದೆ. ಗೀರಿನ ಏಣು ಹೊಸ ರಿಂಗಿನ ಮುಖವನ್ನು ತೇಯುತ್ತದೆ, ತಾನೂ ತೇಯುತ್ತದೆ; ಹೀಗೆ ಎರಡೂ ಒಂದಕ್ಕೊಂದು ಕೂರುತ್ತವೆ. ನುಣುಪು ಗೋಡೆಗೆ, ಅದರಲ್ಲೂ ಸುಟ್ಟ ಎಣ್ಣೆಯ ಪದರ ಗಟ್ಟಿ ಅಂಟಿದ ಗೋಡೆಗೆ, ಹೊಸ ರಿಂಗ್ ಹಾಕಿದರೆ ಅದು ಕೂರುವುದೇ ಇಲ್ಲ. ಎಣ್ಣೆ ಮೇಲೆ ಹತ್ತಿ ಉರಿಯುತ್ತದೆ, ಉರಿದ ಅನಿಲ ಕೆಳಗೆ ಸೋರುತ್ತದೆ.

ಆದರೆ ಹೋನ್ ಕೈಗೆತ್ತಿಕೊಳ್ಳುವ ಮೊದಲು ಅಳತೆ ಆಗಬೇಕು. ಬೋರ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗ್ ದಿಕ್ಕು ಬದಲಿಸುವ ಜಾಗದಲ್ಲಿ ಸವೆತ ಅತಿ ಹೆಚ್ಚು: ಅಲ್ಲಿ ಪಿಸ್ಟನ್ ಒಂದು ಕ್ಷಣ ನಿಲ್ಲುವುದರಿಂದ ಎಣ್ಣೆಯ ಪದರ ತೆಳುವಾಗುತ್ತದೆ, ಶಾಖ ಮತ್ತು ಒತ್ತಡ ಮಾತ್ರ ಅಲ್ಲೇ ಜಾಸ್ತಿ. ಪಿಸ್ಟನ್ ಒತ್ತುವ ಬದಿ ಹೆಚ್ಚು ಸವೆದು ದುಂಡಗಿನ ಬೋರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದಕ್ಕೇ ಮೇಲೆ, ನಡುವೆ, ಕೆಳಗೆ, ಒಂದೊಂದು ಕಡೆಯೂ ಎರಡೆರಡು ದಿಕ್ಕಿನಲ್ಲಿ ಬೋರ್ ಗೇಜ್ ಹಿಡಿದು ನೋಡುವುದು.

ಗೇಜ್ ಇಲ್ಲದವರಿಗೆ ಒಂದು ಉಪಾಯವಿದೆ. ರಿಂಗೊಂದನ್ನು ಬೋರಿನೊಳಗೆ ಬಿಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಮೇಲೂ ಕೆಳಗೂ ಹೀಗೇ ಮಾಡಿ. ವ್ಯಾಸ ಹಿಗ್ಗಿದರೆ ಸಂದು ಅದರ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ಏಕೆಂದರೆ ಸುತ್ತಳತೆ ವ್ಯಾಸದ 3.14 ಪಟ್ಟು. ಸಂದಿನಲ್ಲಿ 0.30 ಮಿ.ಮೀ. ವ್ಯತ್ಯಾಸ ಕಂಡರೆ ವ್ಯಾಸದಲ್ಲಿ ಹೆಚ್ಚುಕಡಿಮೆ 0.10 ಮಿ.ಮೀ. ಸವೆತವಿದೆ ಎಂದರ್ಥ. ಮೊಟ್ಟೆಯಾಕಾರ ಇದರಿಂದ ತಿಳಿಯುವುದಿಲ್ಲ, ಆದರೂ ಕಣ್ಣಂದಾಜಿಗಿಂತ ಸಾವಿರ ಪಾಲು ವಾಸಿ.

ಸವೆತ ಕಂಪನಿ ಕೈಪಿಡಿಯ ಮಿತಿ ಮೀರಿದ್ದರೆ, ಉಗುರಿಗೆ ಸಿಗುವ ಗೀರು ಇದ್ದರೆ, ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಸ್ಪ್ರಿಂಗಿನ ಬಲದಿಂದ ಒತ್ತುವ ಮನೆಯ ಹೋನ್ ಇದ್ದ ತೂತನ್ನೇ ಹಿಂಬಾಲಿಸುತ್ತದೆ. ಮೊಟ್ಟೆಯನ್ನು ದುಂಡಗೆ ಮಾಡಲಾರದು. ಬೋರಿಂಗ್ ಅಂಗಡಿಗೆ ಕೊಟ್ಟು ಓವರ್‌ಸೈಜ್ ಪಿಸ್ಟನ್ನಿಗೆ ಕೊರೆಸಬೇಕು. ಹೊಸ ಪಿಸ್ಟನ್ನನ್ನು ಮೊದಲೇ ತಂದು ಅಂಗಡಿಯವರ ಕೈಗೇ ಕೊಡಿ, ಅದನ್ನು ಅಳೆದು ಕೊರೆಯಲಿ. ಡಬ್ಬಿಯ ಮೇಲೆ ಬರೆದ ಅಂಕಿ ನಂಬಿ ಕೊರೆಯುವವರ ಹತ್ತಿರ ಹೋಗಬೇಡಿ.

ಇನ್ನೊಂದು ತಪಾಸಣೆ ಬ್ಯಾರೆಲ್ ಯಾವ ಜಾತಿಯದೆಂದು. ಈಚಿನ ಎಷ್ಟೋ ಬೈಕುಗಳಲ್ಲಿ ಕಬ್ಬಿಣದ ಸ್ಲೀವ್ ಇಲ್ಲ. ಅಲ್ಯೂಮಿನಿಯಂ ಮೇಲೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪವಷ್ಟೇ. ಜರ್ಮನಿಯ ಮಾಹ್ಲೆ ಕಂಪನಿ 1960ರ ದಶಕದಲ್ಲಿ ರೂಪಿಸಿದ ನಿಕಾಸಿಲ್ ಈ ಬಗೆಯದು. ಇದಕ್ಕೆ ಮಾಮೂಲಿ ಹೋನ್ ಕಲ್ಲು ತಾಗಿಸಬಾರದು. ಅಯಸ್ಕಾಂತ ಬಲವಾಗಿ ಕಚ್ಚಿದರೆ ಮಾತ್ರ ಕಬ್ಬಿಣ ಎಂದು ಮುಂದುವರಿಯಿರಿ.

ಮನೆಗೆ ಸಿಗುವ ಹೋನ್ ಎರಡು ಬಗೆ. ಒಂದು, ಮೂರು ಕಾಲಿನ ತುದಿಯಲ್ಲಿ ಕಲ್ಲಿನ ಪಟ್ಟಿಗಳಿರುವುದು. ಇನ್ನೊಂದು, ನೈಲಾನ್ ಎಳೆಗಳ ತುದಿಗೆ ಸಾಣೆಯ ಗುಂಡುಗಳಿರುವ ಬಾಲ್ ಹೋನ್. ಐಡಿಯಲ್ ಜಾವಾದವರು ಮೈಸೂರಿನಲ್ಲಿ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳಂಥ ಟೂ ಸ್ಟ್ರೋಕ್ ಗಾಡಿಗಳ ಬೋರಿನಲ್ಲಿ ಪೋರ್ಟಿನ ಕಿಂಡಿಗಳಿರುತ್ತವೆ. ಮೂರು ಕಾಲಿನದು ಅಲ್ಲಿ ಸಿಕ್ಕಿಕೊಂಡು ಕಲ್ಲು ಮುರಿಯುತ್ತದೆ, ಹಾಗಾಗಿ ಬಾಲ್ ಹೋನೇ ಸರಿ. ಕೆಲಸವಾದ ಮೇಲೆ ಕಿಂಡಿಯ ಅಂಚಿನ ಚೂಪನ್ನೂ ಸಣ್ಣಗೆ ಉಜ್ಜಿ ತೆಗೆಯಬೇಕು. ಗ್ರಿಟ್ ಎಷ್ಟಿರಬೇಕೆಂಬುದಕ್ಕೆ ರಿಂಗ್ ತಯಾರಕರ ಮಾತೇ ಕೊನೆ. ಸಾಮಾನ್ಯ ಕಬ್ಬಿಣದ ರಿಂಗಿಗೆ 240ರ ಆಸುಪಾಸು ನಡೆಯುತ್ತದೆ.

ಬ್ಯಾರೆಲ್ಲನ್ನು ಇಂಜಿನ್ನಿನ ಮೇಲೆಯೇ ಇಟ್ಟುಕೊಂಡು ಹೋನ್ ಮಾಡುವವರಿದ್ದಾರೆ. ಉದುರಿದ ಸಾಣೆಪುಡಿ ನೆಟ್ಟಗೆ ಕ್ರ್ಯಾಂಕ್ ಬೇರಿಂಗಿಗೆ ಇಳಿಯುತ್ತದೆ! ಬಿಚ್ಚಿ ಬೆಂಚಿನ ಮೇಲಿಡಿ, ವೈಸಿನಲ್ಲಿ ಹಿಂಡದೆ ಹಲಗೆಗೆ ಬೋಲ್ಟ್ ಹಾಕಿ ನಿಲ್ಲಿಸಿ. ಎಣ್ಣೆ ಧಾರಾಳವಾಗಿ ಹಚ್ಚಿ. ಡ್ರಿಲ್ ತಿರುಗುತ್ತಿರುವಾಗಲೇ ಹೋನನ್ನು ಹೊರಗೆಳೆಯಬೇಕು; ನಿಂತ ಹೋನ್ ಎಳೆದರೆ ಮೇಲಿಂದ ಕೆಳಗೆ ನೇರ ಗೀರು ಬೀಳುತ್ತದೆ.

ಹೆಚ್ಚಿನವರು ಎಡವುವುದು ವೇಗದಲ್ಲಿ. ಗೀರುಗಳು ಒಂದನ್ನೊಂದು ದಾಟುವ ಕೋನ ಸುಮಾರು 45 ಡಿಗ್ರಿ ಇರಬೇಕೆನ್ನುತ್ತಾರೆ. ಬುಲೆಟ್ಟಿನ ಬೋರ್ 70 ಮಿ.ಮೀ., ಸುತ್ತಳತೆ 22 ಸೆಂ.ಮೀ. ಡ್ರಿಲ್ ನಿಮಿಷಕ್ಕೆ 400 ಸುತ್ತು ತಿರುಗಿದರೆ ಕಲ್ಲು ಗೋಡೆಯ ಮೇಲೆ ನಿಮಿಷಕ್ಕೆ 88 ಮೀಟರ್ ಓಡುತ್ತದೆ. ಆ ಕೋನ ಬರಬೇಕಾದರೆ ಕೈ ಸೆಕೆಂಡಿಗೆ ಸುಮಾರು 60 ಸೆಂ.ಮೀ. ವೇಗದಲ್ಲಿ ಮೇಲೆ ಕೆಳಗೆ ಆಡಬೇಕು. ಅಷ್ಟುದ್ದವೂ ಇಲ್ಲದ ಬ್ಯಾರೆಲ್ಲಿನಲ್ಲಿ ಅದು ಆಗದ ಮಾತು. 200 ಸುತ್ತಿಗೆ ಇಳಿಸಿದರೆ 30 ಸೆಂ.ಮೀ. ಸಾಕು, ಬೆವರು ಹರಿದರೂ ಆಗುತ್ತದೆ. ಡ್ರಿಲ್ ಭರ್ರೆಂದು ಬಿಟ್ಟು ಕೈ ನಿಧಾನ ಆಡಿಸಿದರೆ ಗೀರುಗಳು ಮಲಗಿಬಿಡುತ್ತವೆ, ರಿಂಗ್ ಅವುಗಳ ಮೇಲೆ ಕುಪ್ಪಳಿಸುತ್ತದೆ. ತೀರಾ ಕಡಿದಾದರೆ ಎಣ್ಣೆ ನಿಲ್ಲದೆ ಜಾರಿಹೋಗುತ್ತದೆ. ಅರ್ಧ ನಿಮಿಷದೊಳಗೆ ನಿಲ್ಲಿಸಿ ನೋಡಿ. ಹೊಳಪು ಹೋಗಿ ಗೀರು ಎಲ್ಲೆಡೆ ಕಂಡರೆ ಮುಗಿಯಿತು. ಇನ್ನೊಂದು ಸುತ್ತು ಚೆಂದಕ್ಕಿರಲಿ ಎನ್ನಬೇಡಿ.

ಇನ್ನು ತೊಳೆಯುವುದು. ನನ್ನ ಲೆಕ್ಕದಲ್ಲಿ ಹೋನಿಂಗಿಗಿಂತ ಇದೇ ದೊಡ್ಡ ಕೆಲಸ, ಅವಸರ ಮಾಡುವುದೂ ಇಲ್ಲೇ. ಸೀಮೆಎಣ್ಣೆ, ಪೆಟ್ರೋಲ್ ಜಿಡ್ಡನ್ನು ಬಿಡಿಸುತ್ತವೆಯೇ ಹೊರತು ಗೀರಿನೊಳಗೆ ಕೂತ ಸಾಣೆಪುಡಿಯನ್ನು ಎತ್ತುವುದಿಲ್ಲ. ಬಿಸಿನೀರು, ಸೋಪು, ಗಟ್ಟಿ ಬ್ರಷ್ ಬೇಕು. ತೊಳೆದು ಒರೆಸಿ, ಎಣ್ಣೆಯಲ್ಲದ್ದಿದ ಹಳೆಯ ಬಿಳಿ ಪಂಚೆಯ ತುಂಡಿನಿಂದ ಬೋರನ್ನು ಉಜ್ಜಿ. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಮತ್ತೆ ಸೋಪು. ಬಟ್ಟೆ ಬೆಳ್ಳಗೇ ಬರುವವರೆಗೂ ಇದೇ. ಸ್ವಚ್ಛವಾದ ಕಬ್ಬಿಣಕ್ಕೆ ನಿಮಿಷಗಳಲ್ಲೇ ತುಕ್ಕು ಹಿಡಿಯುವುದರಿಂದ ಒಣಗಿದ ಕೂಡಲೇ ಎಣ್ಣೆ ಸವರಿಡಿ. ಹೋನ್ ಆದಮೇಲೆ ರಿಂಗಿನ ಸಂದನ್ನು ಮತ್ತೊಮ್ಮೆ ಅಳೆದೇ ಜೋಡಿಸಬೇಕು.

ಗಾಡಿ ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದು ನಮ್ಮಲ್ಲಿ ಹಳೆಯ ರೂಢಿ. ರಿಂಗನ್ನು ಗೋಡೆಗೆ ಒತ್ತುವುದು ಮುಖ್ಯವಾಗಿ ಅದರ ಹಿಂದೆ ನುಗ್ಗುವ ಉರಿಯುವ ಅನಿಲದ ಒತ್ತಡ. ಭಾರವಿಲ್ಲದೆ ಓಡುವ ಇಂಜಿನ್ನಿನಲ್ಲಿ ಆ ಒತ್ತಡ ಕಡಿಮೆ, ಏಣುಗಳು ತೇಯುವ ಬದಲು ಗೋಡೆ ಮತ್ತೆ ಹೊಳಪಾಗುತ್ತದೆ. ಹದವಾಗಿ ಕಾಯಿಸಿ ರಸ್ತೆಗಿಳಿಸಿ. ಥ್ರಾಟಲನ್ನು ಅರ್ಧದವರೆಗೆ ಕೊಟ್ಟು ಸ್ವಲ್ಪ ದೂರ ಎಳೆಸಿ, ಬಿಟ್ಟು ಆರಲು ಬಿಡಿ, ಮತ್ತೆ ಎಳೆಸಿ. ಗಾಳಿಯಿಂದ ತಣಿಯುವ ಇಂಜಿನ್, ಒಂದೇ ಸಮನೆ ದುಡಿಸಬೇಡಿ. ಮೊದಲ ಎಣ್ಣೆಯನ್ನು ಬೇಗ ಇಳಿಸಿ, ಫಿಲ್ಟರನ್ನೂ ಬದಲಿಸಿ. ರಿಂಗ್ ಕೂರುವಾಗ ತೇದ ಕಬ್ಬಿಣದ ಪುಡಿಯೆಲ್ಲ ಅದರಲ್ಲೇ ಇರುತ್ತದೆ.